ಗಾಳಿ ಬೀಸುವ ಬಯಲಲ್ಲಿ ಆರ್‌ವಿ ನಿಲ್ಲಿಸಲು ಜಾಗ ಆರಿಸುವುದು ಹೇಗೆ: ಸೌತ್ ಡಕೋಟಾದ ಐ-90 ದಾರಿಗೆ ಒಂದು ಮಾರ್ಗದರ್ಶಿ

ಚಿಕಾಗೊ, ಮಿನಿಯಾಪೊಲಿಸ್ ಕಡೆಯ ಕನ್ನಡದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಈ ಮಾತು ಏಳುತ್ತದೆ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಮಕ್ಕಳಿಗೆ ರಜೆ ಇದೆ, ಒಂದು ಆರ್‌ವಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಮನೆಗಾಡಿ, ಬಾಡಿಗೆಗೆ ತಗೊಂಡು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬರೋಣ. ದಾರಿ ಹುಡುಕುವ ಕಷ್ಟವೇನಿಲ್ಲ, ಐ-90 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರಾಯ್ತು. ಯೆಲ್ಲೊಸ್ಟೋನ್ ಒಳಗಿನ ಸೈಟಿಗಾಗಿ, ಅಂದರೆ ಆರ್‌ವಿ ನಿಲ್ಲಿಸುವ ಜಾಗಕ್ಕಾಗಿ, ಎಲ್ಲರೂ ತಿಂಗಳುಗಟ್ಟಲೆ ಮುಂಚೆ ತಲೆ ಕೆಡಿಸಿಕೊಳ್ಳುತ್ತಾರೆ. ನಡುವೆ ಬರುವ ಸೌತ್ ಡಕೋಟಾದ ರಾತ್ರಿಗಳನ್ನು ಮಾತ್ರ "ಎಲ್ಲಾದರೂ ನಿಲ್ಲಿಸಿದರಾಯ್ತು" ಎಂದು ಬಿಟ್ಟುಬಿಡುತ್ತಾರೆ.

ಆ ರಾತ್ರಿಗಳ ಬಗ್ಗೆಯೇ ಈ ಬರಹ. ಆ ರಾಜ್ಯದೊಳಗೆ ಐ-90 ಸುಮಾರು 412 ಮೈಲಿ, ಅಂದರೆ 660 ಕಿಲೋಮೀಟರಿಗೂ ಜಾಸ್ತಿ ಸಾಗುತ್ತದೆ. ಬಹುಪಾಲು ಬಯಲು. ಇಲ್ಲಿ ಕ್ಯಾಂಪ್‌ಗ್ರೌಂಡ್ ಆರಿಸುವಾಗ ಈಜುಕೊಳ, ವೈಫೈ, ನಕ್ಷತ್ರದ ರೇಟಿಂಗ್ ಎಲ್ಲ ಆಮೇಲೆ. ಮೊದಲು ಗಾಳಿ ನೋಡಬೇಕು.

1. ಗಾಳಿ ಯಾವ ಕಡೆಯಿಂದ, ಯಾವ ಹೊತ್ತಿಗೆ

ಬೇಸಿಗೆಯಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ದಕ್ಷಿಣ, ಆಗ್ನೇಯದಿಂದ ಬೀಸುತ್ತದೆ. ತಂಪು ಹವೆ ನುಗ್ಗಿ ಬಂದಾಗ ವಾಯವ್ಯದಿಂದ. ಹೆದ್ದಾರಿ ಪೂರ್ವ-ಪಶ್ಚಿಮವಾಗಿ ಹೋಗುವುದರಿಂದ ಎರಡೂ ಸಲ ನಿಮಗೆ ಸಿಗುವುದು ಅಡ್ಡಗಾಳಿಯೇ. ಆರ್‌ವಿಯ ಪಕ್ಕ ಎಂದರೆ ಚಕ್ರದ ಮೇಲಿರುವ ಒಂದು ಗೋಡೆ ತಾನೇ? ಗಾಳಿಯ ವೇಗ ಎರಡು ಪಟ್ಟಾದರೆ ಆ ಗೋಡೆಯ ಮೇಲಿನ ನೂಕು ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಮೈಲಿ ಗಾಳಿಯಲ್ಲಿ ಆರಾಮಾಗಿ ಓಡಿಸಿದವರು 40ರಲ್ಲಿ ಬೆವರುವುದು ಇದಕ್ಕೇ.

ಹೊತ್ತಿನ ಲೆಕ್ಕವೂ ಇದೆ. ಸಾಮಾನ್ಯವಾಗಿ ಬೆಳಗಿನ ಜಾವ ಗಾಳಿ ಕಡಿಮೆ. ಬಿಸಿಲೇರಿ ನೆಲ ಕಾಯುತ್ತಿದ್ದಂತೆ ಮೇಲಿನ ಜೋರು ಗಾಳಿ ಕೆಳಗಿಳಿಯುತ್ತದೆ, ಮಧ್ಯಾಹ್ನದ ಮೇಲೆ ಅದರ ಅಬ್ಬರ. ಸೂರ್ಯ ಮುಳುಗುವಾಗ ಇಳಿಯುತ್ತದೆ. ಆದರೆ ಜೂನ್, ಜುಲೈಯಲ್ಲಿ ಗುಡುಗು ಮಳೆ ಏಳುವುದೂ ಸಂಜೆಯಿಂದ ರಾತ್ರಿಯ ನಡುವೆಯೇ.

ಹಾಗಾಗಿ ನಿಮ್ಮ ದಿನವನ್ನು ಇದಕ್ಕೆ ಹೊಂದಿಸಿ. ಬೆಳಿಗ್ಗೆ ಆರಕ್ಕೆ ಹೊರಡಿ, ಮಧ್ಯಾಹ್ನ ಒಂದರ ಒಳಗೆ ಸೈಟ್ ಸೇರಿ. ಮಕ್ಕಳನ್ನು ಎಬ್ಬಿಸುವುದೇ ದೊಡ್ಡ ಕೆಲಸ ಎನ್ನುವವರಿಗೆ ಒಂದು ಸಮಾಧಾನ: ತನ್ನದೇ ಎಂಜಿನ್ ಇರುವ ಮೋಟಾರ್‌ಹೋಮ್ ಆದರೆ ಅವರು ತಿಂಡಿ ತಿನ್ನುವ ಹೊತ್ತಿಗೆ ನೂರು ಮೈಲಿ ಮುಗಿದಿರುತ್ತದೆ. ಸೀಟ್ ಬೆಲ್ಟ್ ಹಾಕಿ ಕೂರಿಸಿ, ಅಷ್ಟೇ.

2. ದಿನಕ್ಕೆಷ್ಟು ದೂರ

ಇಲ್ಲಿ ವೇಗದ ಮಿತಿ ಗಂಟೆಗೆ 80 ಮೈಲಿ. ಅದು ನಿಮಗೆ ಹೇಳಿದ್ದಲ್ಲ ಎಂದುಕೊಳ್ಳಿ. ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಆರ್‌ವಿಗಳ ಎಷ್ಟೋ ಟೈರುಗಳನ್ನು 65 ಮೈಲಿ ವೇಗಕ್ಕೆಂದೇ ಮಾಡಿರುತ್ತಾರೆ. ಗಾಳಿಯಿದ್ದರೆ 55-60 ಸಾಕು. ನಡುವೆ ನಿಂತು ಎದ್ದು ಹೋದರೆ ದಿನಕ್ಕೆ 200ರಿಂದ 250 ಮೈಲಿ. ಅದಕ್ಕಿಂತ ಜಾಸ್ತಿ ದೂರದ ಸೈಟ್ ಬುಕ್ ಮಾಡಿದರೆ ಮಧ್ಯಾಹ್ನದ ಗಾಳಿಯಲ್ಲಿ ಓಡಿಸಲೇಬೇಕಾಗುತ್ತದೆ.

ಎಕ್ಸಿಟ್ ಸಂಖ್ಯೆಗಳು ವಯೋಮಿಂಗ್ ಗಡಿಯಿಂದ ಮೈಲಿ ಲೆಕ್ಕದಲ್ಲಿವೆ. ಹಾಗಾಗಿ ಕಳೆಯುವ ಲೆಕ್ಕ ಬಂದರೆ ನಕ್ಷೆಯೇ ಬೇಡ. ಮಿಚೆಲ್ 332, ಚೇಂಬರ್ಲೇನ್ 263, ಮರ್ಡೊ 192, ಕಡೋಕಾ 150, ವಾಲ್ 110, ರ‍್ಯಾಪಿಡ್ ಸಿಟಿ 60ರ ಆಸುಪಾಸು. ಎರಡು ಊರುಗಳ ನಡುವೆ 40ರಿಂದ 70 ಮೈಲಿ. ಎದುರುಗಾಳಿ ಸಿಕ್ಕರೆ ಪೆಟ್ರೋಲ್ ನೀರಿನಂತೆ ಖಾಲಿಯಾಗುತ್ತದೆ, ಅರ್ಧ ಟ್ಯಾಂಕಿಗೆ ಇಳಿದಾಗಲೇ ತುಂಬಿಸಿಕೊಳ್ಳಿ.

ಮರ್ಡೊ ಮತ್ತು ಕಡೋಕಾ ನಡುವೆ ಗಡಿಯಾರವೂ ಬದಲಾಗುತ್ತದೆ. ಮರ್ಡೊ ಸೆಂಟ್ರಲ್ ಸಮಯ, ಕಡೋಕಾ ಮೌಂಟನ್ ಸಮಯ. ಪಶ್ಚಿಮಕ್ಕೆ ಹೋಗುವಾಗ ಒಂದು ಗಂಟೆ ಲಾಭ. ವಾಪಸ್ ಬರುವಾಗ ಅದೇ ಗಂಟೆ ಹೋಗುತ್ತದೆ, ಆಫೀಸ್ ಮುಚ್ಚಿದ ಮೇಲೆ ತಲುಪುವವರು ಹೆಚ್ಚಾಗಿ ಈ ಲೆಕ್ಕ ಮರೆತವರು.

3. ಫೋಟೋ ಬಿಡಿ, ಉಪಗ್ರಹ ನಕ್ಷೆ ನೋಡಿ

ಕ್ಯಾಂಪ್‌ಗ್ರೌಂಡಿನವರು ಹಾಕುವ ಫೋಟೋ ಗಾಳಿಯಿಲ್ಲದ ಸಂಜೆಯದ್ದೇ ಆಗಿರುತ್ತದೆ. ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆದು ಐದು ನಿಮಿಷ ಕೂತರೆ ಅದಕ್ಕಿಂತ ನಿಜವಾದ ಚಿತ್ರ ಸಿಗುತ್ತದೆ.

ಮೊದಲು ಮರದ ಸಾಲು ಹುಡುಕಿ. ಬಯಲಿನ ಹಳೆಯ ಮನೆ, ಹೊಲಗಳ ಉತ್ತರ-ಪಶ್ಚಿಮ ಬದಿಗೆ ಗೆರೆ ಎಳೆದಂತೆ ಮರಗಳು ಕಾಣುತ್ತವೆ. ಹೀಗೆ ಗಾಳಿತಡೆ ನೆಡುವುದು ಇಲ್ಲಿನ ಹಳೆಯ ರೂಢಿ. 1930ರ ದಶಕದಲ್ಲಿ ಧೂಳಿನ ಬಿರುಗಾಳಿಗಳು ಹೊಲಗಳನ್ನೇ ಹೊತ್ತೊಯ್ದಾಗ ರೂಸ್‌ವೆಲ್ಟ್ ಸರ್ಕಾರ 1934ರಿಂದ 1942ರವರೆಗೆ ನಾರ್ತ್ ಡಕೋಟಾದಿಂದ ಟೆಕ್ಸಾಸ್‌ವರೆಗೆ 20 ಕೋಟಿಗೂ ಹೆಚ್ಚು ಮರಗಳನ್ನು ಸಾಲುಸಾಲಾಗಿ ನೆಡಿಸಿತು. ಅಂಥ ಸಾಲು ಪಕ್ಕದಲ್ಲಿರುವ ಕ್ಯಾಂಪ್‌ಗ್ರೌಂಡ್ ಸಿಕ್ಕರೆ ಈಜುಕೊಳ ಇಲ್ಲದಿದ್ದರೂ ಬುಕ್ ಮಾಡಿ.

ಮರದ ಸಾಲಿನ ಮರೆ ಎಷ್ಟು ದೂರ ಸಿಗುತ್ತದೆ ಎಂದರೆ ಮರದ ಎತ್ತರದ ಸುಮಾರು ಹತ್ತು ಪಟ್ಟು. 30 ಅಡಿ ಎತ್ತರದ ಸಾಲಾದರೆ ಆಚೆ ಬದಿ 300 ಅಡಿವರೆಗೆ ಗಾಳಿ ತಗ್ಗಿರುತ್ತದೆ. ಅಂದರೆ ಮರಕ್ಕೆ ಅಂಟಿಕೊಂಡು ನಿಲ್ಲಿಸಬೇಕಿಲ್ಲ, ನಿಲ್ಲಿಸಲೂಬಾರದು. ಹೊಳೆ ದಂಡೆಯಲ್ಲಿ ಬೆಳೆಯುವ ದೊಡ್ಡ ಕಾಟನ್‌ವುಡ್ ಮರಗಳ ಕೊಂಬೆ ಬಿರುಗಾಳಿಗೆ ಮುರಿದು ಬೀಳುತ್ತವೆ. ಮರದಿಂದ ಒಂದೆರಡು ಮರದ ಎತ್ತರದಷ್ಟು ದೂರ ಇದ್ದರೆ ಮರೆಯೂ ಸಿಗುತ್ತದೆ, ಕೊಂಬೆಯ ಭಯವೂ ಇಲ್ಲ.

ಎರಡನೆಯದು ಸೈಟ್ ಯಾವ ದಿಕ್ಕಿಗಿದೆ ಎಂಬುದು. ಮುಂದಿನಿಂದ ಹೊಕ್ಕು ಮುಂದಕ್ಕೇ ಹೊರಡುವ ಪುಲ್-ಥ್ರೂ ಸೈಟ್‌ಗಳು ನಕ್ಷೆಯಲ್ಲಿ ಓರೆ ಗೆರೆಗಳಂತೆ ಕಾಣುತ್ತವೆ. ನನ್ನ ಆಯ್ಕೆ ಮೂತಿ ಪಶ್ಚಿಮಕ್ಕೋ ವಾಯವ್ಯಕ್ಕೋ ಇರುವ ಸೈಟ್. ಕಾರಣ ಹೇಳುತ್ತೇನೆ. ಅಮೆರಿಕದ ಆರ್‌ವಿಗಳಲ್ಲಿ ಬಾಗಿಲೂ, ಬಿಸಿಲಿಗೆ ಬಿಚ್ಚುವ ಆನಿಂಗೂ ಬಲಬದಿಗಿರುತ್ತವೆ. ಮೂತಿ ಪಶ್ಚಿಮಕ್ಕಿದ್ದರೆ ಬಾಗಿಲು ಉತ್ತರಕ್ಕೆ ಬರುತ್ತದೆ. ದಿನದ ದಕ್ಷಿಣ ಗಾಳಿಗೆ ಆರ್‌ವಿಯೇ ಗೋಡೆಯಾಗಿ ನಿಂತು ಬಾಗಿಲ ಮುಂದೆ ಮರೆ ಮಾಡುತ್ತದೆ, ಕುರ್ಚಿ ಹಾಕಿ ಕೂರಬಹುದು. ರಾತ್ರಿ ಗುಡುಗು ಮಳೆ ಬಂದರೆ ಮೊದಲ ಹೊಡೆತ ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದಲೇ. ಅದನ್ನು ಕಿರಿದಾದ ಮೂತಿ ತಡೆದುಕೊಳ್ಳುತ್ತದೆ, ಅಗಲದ ಪಕ್ಕ ತಡೆದುಕೊಳ್ಳಬೇಕಿಲ್ಲ.

ಮೂರನೆಯದು ತಗ್ಗು. ಗಾಳಿಗೆ ತಗ್ಗು ಜಾಗ ಒಳ್ಳೆಯದು, ಮಳೆಗೆ ಕೆಟ್ಟದ್ದು. ಒಣಗಿದ ಹಳ್ಳದ ಪಕ್ಕದ ಸೈಟಿಗೆ ರಾತ್ರಿ ನೀರು ನುಗ್ಗಬಹುದು. ಹಳ್ಳಕ್ಕಿಂತ ಒಂದು ಮೆಟ್ಟಿಲು ಮೇಲಿರುವ ಸಾಲು ಕೇಳಿ. ರೈಲು ಹಳಿ, ಹೆದ್ದಾರಿ ಎಷ್ಟು ಹತ್ತಿರ ಎಂಬುದೂ ನಕ್ಷೆಯಲ್ಲೇ ಕಾಣುತ್ತದೆ. ಗಾಳಿ ಬರುವ ಕಡೆಗೆ ಹೆದ್ದಾರಿಯಿದ್ದರೆ ಲಾರಿಗಳ ಸದ್ದು ಇಡೀ ರಾತ್ರಿ ಕಿವಿಗೆ ಬೀಳುತ್ತದೆ.

4. ಯಾವ ಬಗೆಯ ಜಾಗ

ಪೂರ್ವದ ಕಡೆ ರಾಜ್ಯ ಸರ್ಕಾರದ ರಿಕ್ರಿಯೇಷನ್ ಏರಿಯಾಗಳು ನನಗೆ ಮೊದಲ ಆಯ್ಕೆ. ಸೂ ಫಾಲ್ಸ್ ಪಕ್ಕದ ಬ್ರ್ಯಾಂಡನ್‌ನಲ್ಲಿರುವ ಬಿಗ್ ಸೂ ರಿಕ್ರಿಯೇಷನ್ ಏರಿಯಾ ನದಿ ದಂಡೆಯ ಮರಗಳ ನಡುವೆ ಇದೆ. ಕರೆಂಟ್ ಸಿಗುತ್ತದೆ. ಸೈಟ್ ಬಾಡಿಗೆಯ ಜೊತೆ ಪಾರ್ಕ್ ಪ್ರವೇಶದ ಶುಲ್ಕ ಬೇರೆ ಕೊಡಬೇಕು, ಬೆಲೆ ಹೋಲಿಸುವಾಗ ಅದನ್ನೂ ಸೇರಿಸಿ.

ಚೇಂಬರ್ಲೇನ್ ಮತ್ತು ಎದುರು ದಡದ ಓಕೋಮಾ ಮೊದಲ ರಾತ್ರಿಗೆ ಹೇಳಿ ಮಾಡಿಸಿದ ಜಾಗ. ಮಿಸ್ಸೌರಿ ನದಿ ಇಲ್ಲಿ ಫ್ರಾನ್ಸಿಸ್ ಕೇಸ್ ಎಂಬ ಜಲಾಶಯವಾಗಿ ನಿಂತಿದೆ. ಎರಡೂ ಬದಿ ಎತ್ತರದ ದಿಬ್ಬ, ಕಣಿವೆಯೊಳಗೆ ಬಯಲಿಗಿಂತ ಗಾಳಿ ಕಡಿಮೆ. ಆದರೆ ನೀರಿಗೆ ಅಂಟಿದ ಸೈಟಿಗೆ ಆಸೆಪಡಬೇಡಿ. ನೀರಿನ ಮೇಲೆ ಗಾಳಿಗೆ ತಡೆಯೇ ಇಲ್ಲ, ನೇರ ನಿಮ್ಮ ಮೇಲೆ ಬರುತ್ತದೆ. ಒಂದು ಸಾಲು ಹಿಂದೆ ತಗೊಳ್ಳಿ. ಸಂಜೆ ಹೊತ್ತು ಉಳಿದರೆ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ 2016ರಲ್ಲಿ ನಿಲ್ಲಿಸಿದ 50 ಅಡಿ ಎತ್ತರದ ಡಿಗ್ನಿಟಿ ಪ್ರತಿಮೆ ನೋಡಿ ಬನ್ನಿ. ಸ್ಥಳೀಯ ಲಕೋಟಾ, ಡಕೋಟಾ ಜನರ ಗೌರವಕ್ಕೆ ಮಾಡಿದ್ದು.

ಚಿಕ್ಕ ಊರುಗಳ ಸಿಟಿ ಪಾರ್ಕ್‌ಗಳನ್ನು ನಮ್ಮವರು ಕಡೆಗಣಿಸುತ್ತಾರೆ. ಕೆಲವು ಊರುಗಳಲ್ಲಿ ಪಾರ್ಕಿನಲ್ಲೋ ಜಾತ್ರೆ ಮೈದಾನದಲ್ಲೋ ನಾಲ್ಕಾರು ಆರ್‌ವಿ ಸೈಟ್ ಇರುತ್ತವೆ, ಹಣ ಲಕೋಟೆಯಲ್ಲಿಟ್ಟು ಡಬ್ಬಿಗೆ ಹಾಕಿದರಾಯ್ತು. ಹಳೆಯ ಮರ, ಸುತ್ತ ಮನೆಗಳು. ಅಂದರೆ ಗಾಳಿಗೆ ಒಳ್ಳೆಯ ಮರೆ. ಸೌಕರ್ಯ ಅಷ್ಟಕ್ಕಷ್ಟೆ.

ಕೆಒಎ ಎಂಬ ಕ್ಯಾಂಪ್‌ಗ್ರೌಂಡ್ ಸರಪಳಿಯ ಥರದ ಖಾಸಗಿ ಪಾರ್ಕ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರು, ಕರೆಂಟ್, ಒಳಚರಂಡಿ ಮೂರೂ ಸಿಗುತ್ತವೆ, ಹಿರಿಯರಿಗೆ ಬಿಸಿನೀರಿನ ಸ್ನಾನ ಸಿಗುತ್ತದೆ. ಜಾಗ ಮಾತ್ರ ಇಕ್ಕಟ್ಟು. ಗಾಳಿ ಲೆಕ್ಕದಲ್ಲಿ ಅದೇ ಅನುಕೂಲ, ಪಕ್ಕದ ದೊಡ್ಡ ಆರ್‌ವಿ ನಿಮಗೆ ಗೋಡೆ.

ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಮಾತು ಬೇರೆ. ಒಳಗಿನ ಸೀಡರ್ ಪಾಸ್ ಕ್ಯಾಂಪ್‌ಗ್ರೌಂಡಿನಲ್ಲಿ ಮರವೇ ಇಲ್ಲ ಎನ್ನಬಹುದು. ಕೆಲವು ಸೈಟಿಗೆ ಕರೆಂಟ್ ಇದೆ, ಸೈಟಿನಲ್ಲಿ ನೀರಿನ ನಲ್ಲಿ ಇಲ್ಲ, ಬೆಂಕಿ ಹಾಕುವಂತೆಯೂ ಇಲ್ಲ. ಗಾಳಿ ಎದ್ದರೆ ಪಕ್ಕದವರ ಟೆಂಟ್ ನಿಮ್ಮ ಸೈಟಿಗೆ ಹಾರಿ ಬರಬಹುದು. ಆದರೂ ನಾನು ಅಲ್ಲಿ ಒಂದು ರಾತ್ರಿ ಕಳೆಯಿರಿ ಎಂದೇ ಹೇಳುತ್ತೇನೆ. ಬೆಳಗಿನ ಬಿಸಿಲಿಗೆ ಆ ಮಣ್ಣಿನ ಗೋಡೆಗಳು ಬಣ್ಣ ಬದಲಿಸುವುದನ್ನು ಹೆದ್ದಾರಿ ಪಕ್ಕದ ಯಾವ ಪಾರ್ಕೂ ಕೊಡುವುದಿಲ್ಲ. ಮುನ್ಸೂಚನೆ ಕೆಟ್ಟದಾಗಿದ್ದರೆ ಮಾತ್ರ ವಾಲ್ ಊರಿಗೆ ಹೋಗಿ. ಅದೇ ಉದ್ಯಾನದ ಸೇಜ್ ಕ್ರೀಕ್ ಜಾಗ ಬಿಟ್ಟಿ, ಕಾಡೆಮ್ಮೆಗಳು ಪಕ್ಕದಲ್ಲೇ ಮೇಯುತ್ತವೆ, ಆದರೆ ನೀರಿಲ್ಲ, 18 ಅಡಿಗಿಂತ ಉದ್ದದ ಆರ್‌ವಿಗೆ ಪ್ರವೇಶವಿಲ್ಲ. ಬಾಡಿಗೆ ಆರ್‌ವಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಉದ್ದ.

ವಾಲ್ ಊರಿನ ದಕ್ಷಿಣಕ್ಕೆ, ಉದ್ಯಾನದ ಪಿನಕಲ್ಸ್ ದ್ವಾರಕ್ಕೆ ಮುಂಚೆ, ಬಫಲೋ ಗ್ಯಾಪ್ ರಾಷ್ಟ್ರೀಯ ಹುಲ್ಲುಗಾವಲಿನಲ್ಲಿ ಬಿಟ್ಟಿಯಾಗಿ ನಿಲ್ಲಿಸಬಹುದು. ಪ್ರಪಾತದ ಅಂಚಿನ ಫೋಟೋಗಳು ಎಲ್ಲ ಕಡೆ ಓಡಾಡುತ್ತವೆ. ಫೋಟೋದಲ್ಲಿ ಕಾಣದ್ದು ಎರಡು. ಒಂದು, ಅಂಚಿನಲ್ಲಿ ಗಾಳಿಗೆ ಏನೂ ಅಡ್ಡಿಯಿಲ್ಲ. ಎರಡು, ಅಲ್ಲಿನ ಜೇಡಿಮಣ್ಣು. ಅರ್ಧ ಗಂಟೆ ಮಳೆ ಸಾಕು, ಟೈರಿಗೆ ಮೆತ್ತಿಕೊಂಡು ಆರ್‌ವಿ ಕದಲುವುದೇ ಇಲ್ಲ. ಮೊದಲ ಸಲ ಬಾಡಿಗೆಗೆ ತಗೊಂಡವರು, ಹಿರಿಯರ ಜೊತೆ ಹೋಗುವವರು ಇದನ್ನು ಬಿಟ್ಟುಬಿಡಿ.

ಆಗಸ್ಟ್ ಮೊದಲ ಭಾಗದಲ್ಲಿ ಹೊರಡುವವರು ಗಮನಿಸಿ: 1938ರಲ್ಲಿ ಶುರುವಾದ ಸ್ಟರ್ಜಿಸ್ ಮೋಟಾರ್‌ಸೈಕಲ್ ರ‍್ಯಾಲಿ ಆಗಲೇ. ಲಕ್ಷಗಟ್ಟಲೆ ಜನ ಬರುತ್ತಾರೆ, ರ‍್ಯಾಪಿಡ್ ಸಿಟಿ ಸುತ್ತ ಸೈಟ್ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳಬೇಡಿ.

ಇನ್ನೊಂದು. ಕೇಂದ್ರ ಸರ್ಕಾರದ ಎಷ್ಟೋ ಕ್ಯಾಂಪ್‌ಗ್ರೌಂಡುಗಳಲ್ಲಿ ಬಾಡಿಗೆ ಅರ್ಧ ಮಾಡುವ ಸೀನಿಯರ್ ಪಾಸ್ 62 ದಾಟಿದ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಊರಿಂದ ಸುತ್ತಾಡಲು ಬಂದ ಅಪ್ಪ-ಅಮ್ಮನಿಗೆ ಸಿಗುವುದಿಲ್ಲ.

5. ಬುಕ್ ಮಾಡುವ ಮುಂಚೆ ಒಂದು ಫೋನ್

ಆನ್‌ಲೈನಿನಲ್ಲಿ ಬುಕ್ ಮಾಡಿದರೆ ಯಂತ್ರ ಯಾವುದೋ ಸೈಟ್ ಕೊಡುತ್ತದೆ. ಫೋನಿನಲ್ಲಿ ಮಾತಾಡಿದರೆ ಮರೆಯಿರುವ ಸೈಟ್ ಕೊಡುವವರು ಇರುತ್ತಾರೆ. ಹೀಗೆ ಕೇಳಿ:

ಗಾಳಿಗೆ ಮರೆಯಿರುವ ಸಾಲು ಯಾವುದು? ಸೈಟಿನ ಉದ್ದ ಎಷ್ಟು, ನನ್ನ ಆರ್‌ವಿಯ ಒಳಗಿಂದ ಹೊರಕ್ಕೆ ಚಾಚುವ ಸ್ಲೈಡ್-ಔಟ್‌ಗೆ ಜಾಗ ಇದೆಯಾ? ಮಧ್ಯಾಹ್ನ ಒಂದಕ್ಕೇ ಬರಬಹುದಾ? ಬಿರುಗಾಳಿ ಎಚ್ಚರಿಕೆ ಬಂದರೆ ಹೋಗಿ ಕೂರುವ ಗಟ್ಟಿ ಕಟ್ಟಡ ಎಲ್ಲಿದೆ, ರಾತ್ರಿ ಅದಕ್ಕೆ ಬೀಗ ಹಾಕುತ್ತೀರಾ? ಗಾಳಿಯಿಂದ ಒಂದು ದಿನ ತಡವಾದರೆ ಬುಕಿಂಗ್ ಮುಂದೂಡುತ್ತೀರಾ? ನೀವು ಯಾವ ಕೌಂಟಿಯಲ್ಲಿದ್ದೀರಿ?

ಕೊನೆಯ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಇಲ್ಲಿ ಹವಾಮಾನದ ಎಚ್ಚರಿಕೆಗಳು ರೇಡಿಯೋದಲ್ಲಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಭಾಗದ, ಹೆಸರು ಹಿಡಿದು ಬರುತ್ತವೆ. "ಲೈಮನ್ ಕೌಂಟಿಯವರೇ" ಎಂದು ಕೂಗಿದಾಗ ಅದು ನೀವೇ ಎಂದು ಗೊತ್ತಾಗಬೇಕಲ್ವಾ? ಚೇಂಬರ್ಲೇನ್ ಬ್ರೂಲ್ ಕೌಂಟಿ, ಓಕೋಮಾ ಲೈಮನ್, ಮರ್ಡೊ ಜೋನ್ಸ್, ಕಡೋಕಾ ಜಾಕ್ಸನ್, ವಾಲ್ ಪೆನಿಂಗ್ಟನ್. ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ.

6. ಅಡುಗೆಗೂ ಗಾಳಿಗೂ ಸಂಬಂಧ

ಹೊರಗೆ ಸ್ಟವ್ ಇಟ್ಟು ಒಗ್ಗರಣೆ ಹಾಕಿದರೆ ವಾಸನೆ ಒಳಗೆ ಉಳಿಯುವುದಿಲ್ಲ, ಹೊಗೆ ಅಲಾರಂ ಹೊಡೆದುಕೊಳ್ಳುವುದಿಲ್ಲ ಎಂದು ಎಲ್ಲರೂ ಹಾಗೇ ಯೋಚಿಸಿರುತ್ತಾರೆ. ಆದರೆ ಈ ಬಯಲಲ್ಲಿ ಮಧ್ಯಾಹ್ನ ಗಾಳಿಗೆ ಸ್ಟವ್ ಉರಿ ಆರಿಹೋಗುತ್ತಲೇ ಇರುತ್ತದೆ. ಅಡುಗೆ ಬೆಳಿಗ್ಗೆಯೇ ಮುಗಿಸಿ, ಇಲ್ಲವೇ ಕರೆಂಟ್ ಇರುವ ಸೈಟ್ ತಗೊಂಡು ಒಳಗೆ ಇಂಡಕ್ಷನ್ ಬಳಸಿ.

ಅಲ್ಲೂ ಲೆಕ್ಕ ಇದೆ. 30 ಆಂಪ್ ಸೈಟ್ ಕೊಡುವುದು 3,600 ವಾಟ್. ಮೇಲಿನ ಎಸಿ ಸುಮಾರು 1,500, ಇಂಡಕ್ಷನ್ ಪೂರ್ತಿ ಇಟ್ಟರೆ 1,800. ಎರಡಕ್ಕೇ ತುಂಬಿತು. ಕುಕ್ಕರ್ ಕೂಗುವಾಗ ಯಾರಾದರೂ ಮೈಕ್ರೊವೇವ್ ಒತ್ತಿದರೆ ಬ್ರೇಕರ್ ಬೀಳುತ್ತದೆ. 50 ಆಂಪ್ ಸೈಟಿಗೆ ಜಾಸ್ತಿ ಕೊಡುವ ಮುಂಚೆ ನಿಮ್ಮ ಆರ್‌ವಿ 50 ಆಂಪಿನದೇ ಎಂದು ನೋಡಿಕೊಳ್ಳಿ, 30ರದ್ದಾದರೆ ದುಡ್ಡು ದಂಡ.

7. ನಿಲ್ಲಿಸಿದ ಮೇಲೆ

ಆನಿಂಗ್ ಬಿಚ್ಚಿ ಬಿಟ್ಟು ಹೋಗಬೇಡಿ, ಬಿಚ್ಚಿಟ್ಟು ಮಲಗಲೂಬೇಡಿ. ಒಂದು ಬೀಸಿಗೆ ಕಿತ್ತು ಚಾವಣಿ ಮೇಲೆ ಬೀಳುತ್ತದೆ. ಬಾಡಿಗೆ ಒಪ್ಪಂದ ಓದಿ, ಆನಿಂಗ್ ಮತ್ತು ಚಾವಣಿಯ ಹಾನಿ ವಿಮೆಗೆ ಸೇರದೆ ನಿಮ್ಮ ತಲೆಗೇ ಬರುವುದು ಸಾಮಾನ್ಯ. ಬಾಗಿಲು ತೆರೆಯುವಾಗ ಹಿಡಿ ಬಿಡಬೇಡಿ ಎಂದು ಮಕ್ಕಳಿಗೆ ಹೇಳಿಡಿ, ಗಾಳಿ ಕಿತ್ತುಕೊಂಡರೆ ಕೀಲು ಬಗ್ಗುತ್ತದೆ. ಜೋರಾದರೆ ಸ್ಲೈಡ್-ಔಟ್ ಒಳಗೆಳೆದುಕೊಳ್ಳಿ. ಟ್ರೇಲರ್ ಆಗಿದ್ದರೆ ಒಂದು ರಾತ್ರಿಯ ಮಟ್ಟಿಗೆ ಗಾಡಿಯಿಂದ ಬಿಚ್ಚದೆ ಬಿಟ್ಟರೆ ಅಲುಗಾಟ ಕಡಿಮೆ. ಗ್ಯಾಸಿನಲ್ಲಿ ಓಡುವ ಫ್ರಿಜ್, ಗೀಸರಿನ ಉರಿ ಆರಿಹೋಗಿದೆಯೇ ಎಂದು ಮಲಗುವ ಮುಂಚೆ ನೋಡಿ.

8. ಎಚ್ಚರಿಕೆ ಓದುವುದು, ಹೊರಡದೇ ಇರುವುದು

ರಾಷ್ಟ್ರೀಯ ಹವಾಮಾನ ಸೇವೆಯ ತಾಣದಲ್ಲಿ ಊರಿನ ಹೆಸರು ಹಾಕಿದರೆ ಗಂಟೆ ಗಂಟೆಯ ಗಾಳಿಯ ನಕ್ಷೆ ಸಿಗುತ್ತದೆ. ಸರಾಸರಿ ವೇಗ ಬಿಟ್ಟು ಬೀಸಿನ ವೇಗ, ಅಂದರೆ ಗಸ್ಟ್, ನೋಡಿ. ಬೀಸು 46 ಮೈಲಿ ಮುಟ್ಟುವಂತಿದ್ದರೆ ವಿಂಡ್ ಅಡ್ವೈಸರಿ ಕೊಡುತ್ತಾರೆ, 58 ದಾಟುವಂತಿದ್ದರೆ ಹೈ ವಿಂಡ್ ವಾರ್ನಿಂಗ್. ಅಡ್ವೈಸರಿ ಇದ್ದ ದಿನವೇ ಬಾಡಿಗೆ ಆರ್‌ವಿ ಕದಲಿಸಬೇಡಿ ಎಂಬುದು ನನ್ನ ಮಾತು. ಬೀಸು 30 ದಾಟಿದರೆ ಹೊಸಬರು ಮಧ್ಯಾಹ್ನ ಓಡಿಸದಿರುವುದೇ ಮೇಲು.

ಗುಡುಗು ಮಳೆಯ ಎಚ್ಚರಿಕೆಯನ್ನು ಹಗುರವಾಗಿ ತಗೊಳ್ಳಬೇಡಿ. ಅಮೆರಿಕದಲ್ಲಿ ದಾಖಲಾದ ಅತಿ ದೊಡ್ಡ ಆಲಿಕಲ್ಲು ಬಿದ್ದದ್ದು ಇದೇ ದಾರಿಯ ವಿವಿಯನ್ ಎಂಬ ಪುಟ್ಟ ಊರಿನಲ್ಲಿ, 2010ರ ಜುಲೈ 23ರಂದು. ಅಡ್ಡಗಲ 8 ಇಂಚು, ತೂಕ 900 ಗ್ರಾಂ ಹತ್ತಿರ. 2022ರ ಮೇ 12ರಂದು ಸೂ ಫಾಲ್ಸ್ ಕಡೆ ಸಾಲು ಬಿರುಗಾಳಿ ಧೂಳಿನ ಗೋಡೆಯನ್ನೇ ಎಬ್ಬಿಸಿ ಹಗಲನ್ನು ಕತ್ತಲು ಮಾಡಿತ್ತು. ಆರ್‌ವಿ ಅಂಥದ್ದಕ್ಕೆ ಆಸರೆಯಲ್ಲ. ಎಚ್ಚರಿಕೆ ಬಂದ ಕೂಡಲೇ ಚಪ್ಪಲಿ, ಫೋನ್, ಪಾಸ್‌ಪೋರ್ಟ್, ಹಿರಿಯರ ಮಾತ್ರೆ ಹಿಡಿದು ಆ ಗಟ್ಟಿ ಕಟ್ಟಡಕ್ಕೆ ನಡೆಯಿರಿ. ಎಷ್ಟೋ ಕಡೆ ಅದು ಕಾಂಕ್ರೀಟಿನ ಸ್ನಾನದ ಮನೆಯೇ. ಸೇತುವೆ ಕೆಳಗೆ ಗಾಡಿ ನಿಲ್ಲಿಸಿ ಕೂರುವುದು ತಪ್ಪು, ಅಲ್ಲಿ ಗಾಳಿ ಇನ್ನೂ ಜೋರಾಗುತ್ತದೆ. ಬ್ಯಾಡ್‌ಲ್ಯಾಂಡ್ಸ್ ಕಡೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಬ್ಯಾಟರಿಯಲ್ಲಿ ನಡೆಯುವ ಹವಾಮಾನ ರೇಡಿಯೋ ಒಂದಿರಲಿ.

ಇಷ್ಟೆಲ್ಲ ಮಾಡಲು ಯೋಜನೆಯಲ್ಲಿ ಒಂದು ದಿನ ಸಡಿಲ ಬೇಕು. ಯೆಲ್ಲೊಸ್ಟೋನ್ ಬುಕಿಂಗ್ ದಿನಕ್ಕೆ ಸರಿಯಾಗಿ ತಲುಪುವಂತೆ ಬಿಗಿದರೆ ಗಾಳಿಯಲ್ಲೂ ಓಡಿಸುವ ಒತ್ತಡ ಬರುತ್ತದೆ. ಆ ಒಂದು ದಿನವನ್ನು ರ‍್ಯಾಪಿಡ್ ಸಿಟಿ ಸುತ್ತ ಇಡಿ. ಮುಂಚೆ ಎಲ್ಲಾದರೂ ಸಿಕ್ಕಿಕೊಂಡರೆ ಅದನ್ನು ಖರ್ಚು ಮಾಡಬಹುದು, ಸಿಕ್ಕಿಕೊಳ್ಳದಿದ್ದರೆ ಬ್ಲ್ಯಾಕ್ ಹಿಲ್ಸ್ ನೋಡಬಹುದು. ಬೆಳಿಗ್ಗೆ ಐದೂವರೆಗೆ ಮುನ್ಸೂಚನೆ ನೋಡಿ. ಹೊರಡುವುದು ಬೇಡ ಅನ್ನಿಸಿದರೆ ಆಫೀಸ್ ತೆರೆದ ತಕ್ಷಣ ಹೋಗಿ ಇನ್ನೊಂದು ರಾತ್ರಿಗೆ ಅದೇ ಸೈಟ್ ಕೇಳಿ. ಗಾಳಿಯ ದಿನ ಎಲ್ಲರೂ ಅದನ್ನೇ ಕೇಳುತ್ತಾರೆ, ಹತ್ತು ಗಂಟೆ ಹೊತ್ತಿಗೆ ಮರೆಯಿರುವ ಸೈಟುಗಳು ಖಾಲಿ ಇರುವುದಿಲ್ಲ.